ಬೇವಿನ ಶಾಯಿ

ಪ್ರಜಾಪ್ರಭುತ್ವದ ಬಗ್ಗೆ ಏನೇ ಸಂಶಯವಿದ್ದರೂ ನನ್ನನ್ನು ಕೇಳಿ. ಗಡಿಯೂರು ಭೋಜದ ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ಪೌರನೀತಿ ಕಲಿಸುತ್ತಿರುವವನು ನಾನು. ಮತದಾನದ ಮಹತ್ವದ ಮೇಲೆ ನಿದ್ದೆಗಣ್ಣಲ್ಲೂ ತಾಸುಗಟ್ಟಲೆ ಮಾತಾಡಬಲ್ಲೆ. ನನ್ನ ವಿದ್ಯಾರ್ಥಿಗಳು ಅದನ್ನು ನಿದ್ದೆಯಲ್ಲೇ ಕೇಳಬಲ್ಲರು. ಸುಳ್ಳು ಸುದ್ದಿಯ ಜುಟ್ಟು ಹಿಡಿದು ಜಾಡಿಸುವುದಂತೂ ನನಗೆ ನೀರು ಕುಡಿದಷ್ಟು ಸುಲಭ ಎಂದುಕೊಂಡಿದ್ದೆ. ಆದರೆ ಈ ಸಲದ ಸುಳ್ಳು ಸೀದಾ ನಮ್ಮ ಅಡುಗೆಮನೆಗೇ ಬಂದು ಕೂತಿತು.

ಮತದಾನ ಹತ್ತಿರ ಬಂದಾಗ ಅವ್ವ, "ಈ ಸಲ ನಾ ಓಟ್ ಹಾಕಾಕ ಬರಂಗಿಲ್ಲ," ಎಂದುಬಿಟ್ಟಳು. ನನ್ನನ್ನು ಹೊಟ್ಟೆಯಲ್ಲಿಟ್ಟುಕೊಂಡೂ ಸಾಲಿನಲ್ಲಿ ನಿಂತವಳು! ಬೆರಳಿಗೆ ಹಚ್ಚುವ ಶಾಯಿಯಲ್ಲಿ ಪ್ರಾಣಿಯ ಕೊಬ್ಬು ಇರುತ್ತದೆಂದು ಮೊಬೈಲಿನಲ್ಲಿ ಬಂದಿತ್ತಂತೆ. ನಾವು ಜೈನರು. ಅವ್ವನೋ ನೆಲದಡಿ ಬೆಳೆಯುವ ಗಜ್ಜರಿ ಕಂಡರೂ ಮುಖ ತಿರುಗಿಸುವವಳು, ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟದವಳು.

"ಹಚ್ಚೂದು ಎಡಗೈ ಬೆರಳಿಗೆ ಬೇ," ಎಂದೆ.

"ರೊಟ್ಟಿ ಒಂದ ಕೈಲೇ ಬಡೀತಾರೇನೋ ಮಾಸ್ತರ?" ಎಂದಳು.

ಅದು ಬರೀ ರಾಸಾಯನಿಕ, ಕೊಬ್ಬು ಗಿಬ್ಬು ಏನೂ ಇಲ್ಲ ಎಂದು ವಿಜ್ಞಾನ ಬಿಡಿಸಿ ಹೇಳಿದೆ. "ನೀ ಹೇಳಿದ್ದು ಮೊಬೈಲಿನ್ಯಾಗ ಬಂದೈತೇನು?" ಎಂದು ಕೇಳಿ ಅವ್ವ ಹಿಟ್ಟು ನಾದತೊಡಗಿದಳು.

ಮೊಬೈಲಿನಲ್ಲೇ ಬರಬೇಕು ತಾನೆ, ಬರಲಿ! ನಮ್ಮ ಗಡಿಯ ಕಡೆ ಒಂದು ವಿಶೇಷವಿದೆ. ಕನ್ನಡದಲ್ಲಿ ಬಂದ ಮೆಸೇಜನ್ನು ನಮ್ಮೂರಿನ ಯಾವನೋ ಕೆಲಸವಿಲ್ಲದವನು ಬರೆದಿರಬೇಕೆಂದು ಜನ ಸಂಶಯಪಡುತ್ತಾರೆ. ಮರಾಠಿಯಲ್ಲಿ ಬಂದರೆ ಅದು ದೂರದಿಂದ ಬಂದದ್ದು, ಆದ್ದರಿಂದ ಖರೆ. ನಾನು ಅಚ್ಚ ಮರಾಠಿಯಲ್ಲಿ ಬರೆದೆ: ಈ ಸಲದ ಶಾಯಿ ಬೇವಿನೆಲೆಯ ರಸದ್ದು, ಶುದ್ಧ ಶಾಕಾಹಾರಿ. ಕೊಲ್ಹಾಪುರದಲ್ಲಿರುವ ತಂಗಿಗೆ ಕಳಿಸಿ, ಅವಳ ಕೈಯಿಂದ ಅವ್ವನ ಮಹಿಳಾ ಮಂಡಳದ ಗುಂಪಿಗೆ ಹಾಕಿಸಿದೆ. ಪ್ರಜಾಪ್ರಭುತ್ವಕ್ಕಾಗಿ ಒಂದು ಸಣ್ಣ ಸುಳ್ಳು. ನನಗೆ ನಾಚಿಕೆಯ ಬದಲು ಹೆಮ್ಮೆಯೇ ಆಯಿತು. ಮರುದಿನವೇ ಅವ್ವ ಇಳಕಲ್ ಸೀರೆ ತೆಗೆದಿಟ್ಟಳು.

ಬೂತಿನಲ್ಲಿ ನೋಡುತ್ತೇನೆ, ಓಣಿಯ ಮುದುಕಿಯರೆಲ್ಲ ಕುಂಟುತ್ತ ಬಂದು ಸಾಲು ಹಚ್ಚಿದ್ದಾರೆ! ನನ್ನ ಬೇವು ಮೊಬೈಲಿನಿಂದ ಮೊಬೈಲಿಗೆ ಹಾರುವಷ್ಟರಲ್ಲಿ ಮೊಣಕಾಲು ನೋವಿನ ಔಷಧಿಯಾಗಿ ಬೆಳೆದಿತ್ತು. ಪಕ್ಕದ ಮನೆಯ ಚಂಪವ್ವ ಕಾಕು ಶಾಯಿ ಹಚ್ಚುವ ಹುಡುಗಿಗೆ, "ಇನ್ನೊಂದೀಟ ಹಚ್ಚ ನಮ್ಮವ್ವ, ಎರಡೂ ಕಾಲ ಹಿಡದಾವ," ಎಂದು ಗೋಗರೆಯುತ್ತಿದ್ದಳು. ಮತದಾನ ಭರ್ಜರಿಯಾಯಿತು. ನಾನು ಮೀಸೆ ತಿರುವಿದೆ.

ಶಾಯಿ ಮಾಸುತ್ತ ಬಂತು, ಮೊಣಕಾಲು ನೋವು ಮಾತ್ರ ಮಾಸಲಿಲ್ಲ. ಒಂದು ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ಮಹಿಳಾ ಮಂಡಳದ ಸಭೆ ಸೇರಿತು.

"ಚಲೋ ಶಾಯಿ ದೊಡ್ಡ ಮಂದಿ ಬೂತಿಗೆ ಕಳಿಸ್ಯಾರ. ನಮಗ ನಕಲಿ ಹಚ್ಯಾರ," ಎಂದಳು ಚಂಪವ್ವ ಕಾಕು.

"ಶಾಯೀನ ನಕಲಿ ಅಂದ್ಮ್ಯಾಲೆ ಎಣಿಕಿ ಖರೇ ಇರತೈತೇನು? ಇನ್ನ ಮ್ಯಾಲೆ ಓಟೂ ಬ್ಯಾಡ, ಏನೂ ಬ್ಯಾಡ," ಎಂದಳು ಅವ್ವ.

ನಾನು ಎದ್ದು ನಿಂತೆ. ಎಲ್ಲರೆದುರು ಕೈಮುಗಿದು, "ಅವ್ವಾ, ಆ ಬೇವಿನ ಮೆಸೇಜ್ ಬರದಾಂವ ನಾನ ಬೇ. ಬೇವೂ ಇಲ್ಲ, ಔಷಧಾನೂ ಇಲ್ಲ. ಎಲೆಕ್ಷನ್‌ದಾಗ ಏನೂ ಮೋಸ ಆಗಿಲ್ಲ," ಎಂದೆ.

ಮುದುಕಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವ್ವ ಎದ್ದು ಹೋಗಿ ಬೀದಿಬಾಗಿಲು ಮುಂದೆ ಮಾಡಿ ಬಂದಳು. ನನ್ನ ತಲೆ ನೇವರಿಸಿ, ದನಿ ತಗ್ಗಿಸಿ ಕೇಳಿದಳು:

"ಅಂಜಬ್ಯಾಡ ತಮ್ಮಾ. ನಿನಗ ಹಿಂಗ ಹೇಳಂತ ಯಾರು ಹೇಳಿ ಕಳಿಸ್ಯಾರ?"