ಗೆಳತಿ ಜರ್ಮನಿಗೆ ಹೋದಳು, ಹೊಟ್ಟೆಕಿಚ್ಚು ಹಡಪಸರದಲ್ಲೇ ಉಳಿಯಿತು

ನಮ್ಮ ಮನೆಯಲ್ಲಿ ಗ್ಯಾಸು ಮುಗಿಯುವುದುಂಟು, ಹೊಟ್ಟೆಕಿಚ್ಚು ಮುಗಿಯುವುದಿಲ್ಲ. ಒಬ್ಬರದು ಆರಿತು ಅನ್ನುವಷ್ಟರಲ್ಲಿ ಇನ್ನೊಬ್ಬರದು ಹೊತ್ತಿಕೊಂಡಿರುತ್ತದೆ. ಕಳೆದ ವರ್ಷ ಪಕ್ಕದ ಫ್ಲಾಟಿನವರು ಜರ್ಮನಿಗೆ ಹೋದ ಮೇಲಂತೂ ಒಂದು ದಿನವೂ ಬಿಡುವಿಲ್ಲ.

ಅವರು ವಿಜಯಪುರದ ಕಡೆಯವರು, ನಾವು ಬಾಗಲಕೋಟೆಯವರು. ಪುಣೆಯ ಹಡಪಸರದ ನಮ್ಮ ಸೊಸೈಟಿಯಲ್ಲಿ ಇದ್ದದ್ದು ಇವೆರಡೇ ಕನ್ನಡದ ಮನೆ. ಅವರ ಮಗಳನ್ನು ಎಲ್ಲರೂ ಕರೆಯುವುದು ಚಿಮಣಿ ಅಂತ. ಮರಾಠಿಯಲ್ಲಿ ಹಾಗಂದರೆ ಗುಬ್ಬಿ. ಊರಿಂದ ಬಂದ ನಮ್ಮ ಅತ್ತೆ ಮಾತ್ರ, "ಅಷ್ಟು ಚೆಂದದ ಕೂಸಿಗೆ ಎಣ್ಣಿ ದೀಪದ ಹೆಸರು ಯಾಕ ಇಟ್ಟಾರ?" ಎಂದು ಇವತ್ತಿಗೂ ಕೇಳುತ್ತಾರೆ. ಚಿಮಣಿ ಮತ್ತು ನನ್ನ ಮಗಳು ಒಂದೇ ವಯಸ್ಸಿನವರು. ಒಂದೇ ಕ್ಲಾಸು, ಒಂದೇ ಬೆಂಚು, ಒಂದೇ ಸ್ಕೂಲ್ ವ್ಯಾನು. ಚಿಮಣಿಯ ಅಪ್ಪನನ್ನು ಕಂಪನಿಯವರು ಜರ್ಮನಿಗೆ ಹಾಕಿದಾಗ ಈ ಎರಡು ಜೀವಗಳನ್ನು ಯಾರೂ ಕೇಳಲಿಲ್ಲ.

ಸಮಾಧಾನ

ಅವರು ಹೊರಟ ದಿನ ಟ್ಯಾಕ್ಸಿ ಗೇಟು ದಾಟುವವರೆಗೂ ಎಲ್ಲರೂ ಅತ್ತರು, ವಾಚ್‌ಮನ್ ಕೂಡ. ನನ್ನ ಮಗಳು ಅಳಲಿಲ್ಲ. ಕಂಬದ ಹಾಗೆ ನಿಂತಿದ್ದಳು. ನನ್ನ ಗಂಡ ಅವಳನ್ನು ಎತ್ತಿಕೊಂಡು ಪ್ರೀತಿಯಿಂದ ಹೇಳಿದರು: "ಚಿಂತಿ ಮಾಡಬ್ಯಾಡ ಬಾಳಾ. ಚಿಮಣಿಗೆ ಅಲ್ಲಿ ಹೊಸಾ ಸಾಲಿಯೊಳಗ ಭಾಳ ಮಂದಿ ಗೆಳತ್ಯಾರು ಸಿಗ್ತಾರ."

ಆಗ ಶುರುವಾದ ಅಳು ರಾತ್ರಿ ಊಟದವರೆಗೂ ನಿಲ್ಲಲಿಲ್ಲ.

ದೇವರ ಮುಂದೆ

ವಾರ ಕಳೆದ ಮೇಲೆ ಚಿಮಣಿಯ ವಿಡಿಯೋ ಕಾಲ್ ಬಂತು. ಪಾಪ, ಹುಡುಗಿಯ ಮುಖ ಸಣ್ಣದಾಗಿತ್ತು. "ಇಲ್ಲಿ ಯಾರೂ ನನ್ನ ಜೊತಿ ಮಾತಾಡಂಗಿಲ್ಲ. ಅವರು ಏನಂತಾರ ನನಗ ತಿಳಿಯಂಗಿಲ್ಲ. ಸಣ್ಣ ಸೂಟಿ ಬಿಟ್ಟಾಗ ನಾನು ಕೋಟ್ ಹಾಕೋ ಗೂಟದ ಹತ್ರ ಒಬ್ಬಾಕಿನೇ ನಿಂತಿರ್ತೀನಿ" ಎಂದಳು. ಕಣ್ಣಲ್ಲಿ ನೀರು.

ನನ್ನ ಮಗಳು ಎಲ್ಲವನ್ನೂ ಗಂಭೀರವಾಗಿ ಕೇಳಿದಳು. "ಅಯ್ಯ, ಹೌದೇನು? ಒಬ್ರೂ ಇಲ್ಲೇನು?" ಎಂದು ಎರಡು ಸಲ ಖಾತ್ರಿ ಮಾಡಿಕೊಂಡಳು. ಫೋನ್ ಇಟ್ಟ ಮೇಲೆ ಎಂದೂ ಕೇಳದವಳು ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡಳು.

ಮಲಗುವ ಮುಂಚೆ ದೇವರ ಮುಂದೆ ಕೈ ಮುಗಿದು ನಿಂತಿದ್ದಳು. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. "ದೇವರೇ, ಚಿಮಣಿನ್ನ ಛಲೋತ್ನಾಗಿ ಇಡು. ಆಕಿಗೆ ಥಂಡಿ ಹತ್ತಬಾರ್ದು, ಜ್ವರ ಬರಬಾರ್ದು. ಗೆಳತ್ಯಾರನ್ನ ಮಾತ್ರ ಸಾವಕಾಶ ಕೊಡು. ಅವಸರ ಏನಿಲ್ಲ."

ಲೇನಾ

ದೇವರು ಸಾವಕಾಶ ಮಾಡಲಿಲ್ಲ. ಮುಂದಿನ ತಿಂಗಳು ಚಿಮಣಿ ಪರದೆಯ ತುಂಬ ನಗುತ್ತ ಬಂದಳು. "ನನಗ ಒಬ್ಬಾಕಿ ಗೆಳತಿ ಸಿಕ್ಕಾಳ! ಆಕಿ ಹೆಸರು ಲೇನಾ."

"ಲೇನಾನಾ?" ಎಂದಳು ನನ್ನ ಮಗಳು. ಹಿಂದಿಯಲ್ಲಿ ಲೇನಾ ಅಂದರೆ ತಗೊಳ್ಳುವುದು, ದೇನಾ ಅಂದರೆ ಕೊಡುವುದು. "ಹಂಗಾರ ಆಕಿ ತಂಗಿ ಹೆಸರು ದೇನಾ ಏನು?"

ಚಿಮಣಿ ಬಿದ್ದು ಬಿದ್ದು ನಕ್ಕಳು. ನನ್ನ ಮಗಳು ನಗಲಿಲ್ಲ, ಅವಳು ಕೇಳಿದ್ದು ನಗಿಸಲಿಕ್ಕಲ್ಲ. "ಹೆಂಗ ಗೆಳತಿ ಆದ್ಲು?" ಎಂದು ವಿಚಾರಣೆ ಮುಂದುವರಿಸಿದಳು.

ಚಿಮಣಿ ಡಬ್ಬಿಯಲ್ಲಿ ಒಗ್ಗರಣೆ ಚುರುಮುರಿ ಒಯ್ದಿದ್ದಳಂತೆ. ಲೇನಾ ಬಂದು ಪಕ್ಕದಲ್ಲಿ ಕೂತು ಡಬ್ಬಿಯನ್ನೇ ನೋಡಿದಳಂತೆ. ಚಿಮಣಿ ಒಂದು ಮುಷ್ಟಿ ಕೊಟ್ಟಳು, ಅವಳು ಇನ್ನೊಂದು ಮುಷ್ಟಿಗೆ ಕೈ ಚಾಚಿದಳು. ಅಷ್ಟೇ. ಭಾಷೆಯೇ ಬೇಕಾಗಲಿಲ್ಲ.

ಆ ಚುರುಮುರಿ ನಾನು ಅವರು ಹೊರಡುವಾಗ ಮಾಡಿ ಕಟ್ಟಿಕೊಟ್ಟದ್ದು. ನನಗೆ ಹೆಮ್ಮೆಯಾಯಿತು. ಫೋನ್ ಇಟ್ಟ ತಕ್ಷಣ ಮಗಳು ನನ್ನ ಕಡೆ ತಿರುಗಿದಳು.

"ಮಮ್ಮಿ, ನಮಗ ಮಾಡೋವಾಗ ಉಪ್ಪು ಹೆಚ್ಚು ಮಾಡ್ತಿ. ಅವರಿಗೆ ಯಾಕ ಅಷ್ಟು ಬರೋಬ್ಬರಿ ಮಾಡಿದಿ?"

ಥಂಡಿ ಗಾಳಿ

ಹುಡುಗಿಯರ ಹುಚ್ಚಾಟ ಎಂದು ನಾನು ನಗುತ್ತಿದ್ದೆ, ಚಿಮಣಿಯ ತಾಯಿ ಫೋನ್ ಮಾಡುವ ತನಕ. ನಾವಿಬ್ಬರೂ ದಿನಾ ಸಂಜೆ ಕಾಲುವೆ ದಂಡೆಯ ಮೇಲೆ ವಾಕಿಂಗ್ ಹೋಗುತ್ತಿದ್ದವರು. ವಾಕಿಂಗ್ ಕಡಿಮೆ, ಅತ್ತೆಯರ ಸುದ್ದಿ ಹೆಚ್ಚು.

"ಇಲ್ಲಿ ಸಾಲಿ ಗೇಟಿನ ಹತ್ರ ಒಬ್ರು ಪರಿಚಯ ಆಗ್ಯಾರ್ರಿ," ಎಂದರು ಅವರು. "ಭಾಳ ಛಲೋ ಅದಾರ. ದಿನಾ ಕೂಡಿ ವಾಕಿಂಗ್ ಹೋಗ್ತೀವಿ."

"ಆ ಥಂಡಿಯೊಳಗ ವಾಕಿಂಗ್ ಮಾಡಬಾರ್ದ್ರಿ," ಎಂದೆ ನಾನು. "ಮೊಳಕಾಲು ಹಿಡೀತಾವ. ಮನ್ಯಾಗ ಇರ್ರಿ."

ಪೇಪರ್ ಓದುತ್ತಿದ್ದ ಗಂಡ ತಲೆ ಎತ್ತದೆ ಅಂದರು: "ಮಗಳು ಯಾರನ್ನ ಹೋಲ್ತಾಳ ಅನ್ನೋದು ಈಗ ಗೊತ್ತಾತು."

ಕೊರಿಯಾದ ಹುಡುಗಿ

ಜೂನ್‌ನಲ್ಲಿ ಶಾಲೆ ಶುರುವಾದಾಗ ಮಗಳ ಕ್ಲಾಸಿಗೆ ಕೊರಿಯಾದಿಂದ ಒಬ್ಬ ಹುಡುಗಿ ಬಂದಳು. ಅವಳಪ್ಪನಿಗೆ ಇಲ್ಲಿಯ ಕಾರ್ಖಾನೆಯಲ್ಲಿ ಕೆಲಸ. ಹುಡುಗಿಗೆ ಮರಾಠಿ ಬರದು, ಹಿಂದಿ ಬರದು, ಇಂಗ್ಲಿಷ್ ಅಷ್ಟಿಷ್ಟು. ಬಿಡುವಿನಲ್ಲಿ ನೀರಿನ ನಲ್ಲಿಯ ಹತ್ತಿರ ಒಬ್ಬಳೇ ನಿಂತಿರುತ್ತಿದ್ದಳಂತೆ.

ನನ್ನ ಮಗಳು ಅವಳನ್ನು ಕೈ ಹಿಡಿದು ಕರೆತಂದು ಚಿಮಣಿಯ ಖಾಲಿ ಜಾಗದಲ್ಲಿ ಕೂಡಿಸಿಕೊಂಡಳು. ನನಗೆ ಕಣ್ಣು ತುಂಬಿ ಬಂತು. ಸಂಜೆಯೇ ಮಗಳು ಚಿಮಣಿಗೆ ಕಾಲ್ ಮಾಡಿ, "ನನಗೂ ಫಾರಿನ್ ಗೆಳತಿ ಸಿಕ್ಕಾಳ. ನಿನ್ನ ಲೇನಾಗಿಂತ ದೂರದಾಕಿ" ಎಂದಾಗ ತುಂಬಿದ ಕಣ್ಣನ್ನು ಒರೆಸಿಕೊಂಡೆ.

ಚಿಮಣಿಯ ಹೊಟ್ಟೆ ಉರಿಸಲಿಕ್ಕೆಂದು ಮಾಡಿಕೊಂಡ ಸ್ನೇಹ, ಆದರೆ ದೀಪಾವಳಿಯ ಹೊತ್ತಿಗೆ ನಿಜವಾಗಿಬಿಟ್ಟಿತ್ತು. ಕೊರಿಯಾದ ಹುಡುಗಿ ನಮ್ಮ ಮನೆಗೆ ಬಂದು "ಮಮ್ಮಿ, ರೊಟ್ಟಿ" ಎಂದು ಕೇಳುವಷ್ಟು ಕನ್ನಡ ಕಲಿತಳು. ಜರ್ಮನಿಯ ವಿಚಾರಣೆಗಳು ಕಡಿಮೆಯಾದವು. ಈ ಮನೆಗೆ ಶಾಂತಿ ಬಂತು ಅಂದುಕೊಂಡೆ.

ಒಂದು ರವಿವಾರ ಆ ಹುಡುಗಿ ತನ್ನ ಅಮ್ಮನ ಫೋನ್ ತಂದಿದ್ದಳು. ಅವಳ ದೇಶದ ಹಳೆಯ ಗೆಳತಿಯ ವಿಡಿಯೋ ಕಾಲ್ ಬಂತು. ಈ ಹುಡುಗಿ ಖುಷಿಯಿಂದ ನನ್ನ ಮಗಳ ಹೆಗಲ ಮೇಲೆ ಕೈ ಹಾಕಿ ಪರದೆಗೆ ತೋರಿಸಿದಳು. ಆ ಕಡೆಯ ಹುಡುಗಿ ನಗಲಿಲ್ಲ. ಕಣ್ಣು ಕಿರಿದು ಮಾಡಿ, ಮೊದಲು ಹೆಗಲ ಮೇಲಿನ ಕೈಯನ್ನು, ಆಮೇಲೆ ನನ್ನ ಮಗಳನ್ನು ತಲೆಯಿಂದ ಕುತ್ತಿಗೆಯವರೆಗೆ ನೋಡಿದಳು. ಅವರ ಭಾಷೆಯಲ್ಲಿ ಏನೋ ಚುಟುಕಾಗಿ ಕೇಳಿ ಫೋನ್ ಇಟ್ಟೇಬಿಟ್ಟಳು.

ನನ್ನ ಮಗಳು ಗೆಳತಿಯನ್ನು ಗೇಟಿನವರೆಗೆ ಬಿಟ್ಟು ಬಂದಳು. ಆಮೇಲೆ ಅಡುಗೆಮನೆಗೆ ಬಂದು, ದೊಡ್ಡವರ ಹಾಗೆ ನಿಟ್ಟುಸಿರು ಬಿಟ್ಟು ಹೇಳಿದಳು:

"ನೋಡಿದೇನು ಮಮ್ಮಿ? ಹೊಸಾ ಊರಿಗೆ ಬಂದಾಕಿ ಪಾಪ ಒಬ್ಬಾಕಿ ಗೆಳತಿನ್ನ ಮಾಡ್ಕೊಂಡ್ರ ಇಷ್ಟು ಹೊಟ್ಟೆಕಿಚ್ಚಾ? ಯಾರ ಮನಿ ಹುಡುಗಿನೋ ಏನೋ. ಅವರವ್ವ ಒಂದೀಟೂ ಬುದ್ಧಿ ಹೇಳಿಲ್ಲ."