ಗುಟ್ಟಿನ ಗುಂಪು ಮತ್ತು ಬಾಯಿಬಡುಕ ಡಬ್ಬಿ

"ಇನ್ಮೇಲೆ ಈ ಮನೆಯ ಒಂದಕ್ಷರನೂ ಹೊರಗೆ ಸೋರಲ್ಲ!" ಎಂದು ಹಲ್ಲಿನ ಡಾಕ್ಟರು ಊಟದ ಮೇಜಿನ ಮುಂದೆ ಫೋನನ್ನು ಎತ್ತಿ ಹಿಡಿದು ಘೋಷಿಸಿದರು.

"ಮೊದ್ಲು ಅಡುಗೆಮನೆ ನಲ್ಲಿ ಸೋರೋದು ನಿಲ್ಸಿ," ಎಂದರು ಹೆಂಡತಿ, ತಟ್ಟೆ ಎತ್ತುತ್ತಾ.

"ಅದಲ್ವೇ! ಈ ಆ್ಯಪ್ ಇದೆಯಲ್ಲ, ಕಳ್ಸೋದು ನಾನು, ಓದೋದು ನೀನು. ಮಧ್ಯೆ ಒಂದು ನೊಣಾನೂ ಇಣುಕೋ ಹಾಗಿಲ್ಲ. ಮಾಡಿದ ಕಂಪನಿಯೋರಿಗೇ ಓದೋಕಾಗಲ್ವಂತೆ! ಒಂದು ದಿನ ಕಳೆದ್ರೆ ಮೆಸೇಜು ತಾನಾಗೇ ಮಾಯ. ತೆಗೀಬೇಕು ಅಂದ್ರೆ ನನ್ನ ಹೆಬ್ಬೆರಳೇ ಬೇಕು!"

"ನಿಮ್ಮ ಹೆಬ್ಬೆರಳಿಗಾದ್ರೂ ಬೆಲೆ ಬಂತಲ್ಲ, ಸಂತೋಷ," ಎಂದು ಆಕೆ ಒಳಗೆ ಹೋದರು.

ಒಬ್ಬ ಹಲ್ಲಿನ ಡಾಕ್ಟರಿಗೆ ಇಷ್ಟು ಭದ್ರತೆ ಯಾಕಪ್ಪಾ ಬೇಕಾಯಿತು ಅಂತೀರಾ? ಸೇನೆಯ ರಹಸ್ಯವೇನೂ ಅವರ ಬಳಿ ಇರಲಿಲ್ಲ. ಇದ್ದದ್ದು ಅತ್ತೆ.

ಅತ್ತೆಯೆಂದರೆ ಸಾಮಾನ್ಯರಲ್ಲ. ದೊಡ್ಡಾಸ್ಪತ್ರೆಯ ವಾರ್ಡುಗಳನ್ನು ವರ್ಷಗಟ್ಟಲೆ ಆಳಿದ ಮೇಟ್ರನ್. ಆಕೆ ಬಾಗಿಲಲ್ಲಿ ಕಾಣಿಸಿಕೊಂಡರೆ ಜ್ವರವೂ ಹೆದರಿ ಇಳಿಯುತ್ತಿತ್ತಂತೆ. ನಿವೃತ್ತಿಯಾದ ಮೇಲೆ ಆಕೆಗೆ ಉಳಿದ ಸಾಮ್ರಾಜ್ಯವೆಂದರೆ ಹಸಿರು ಬಣ್ಣದ ಒಂದು ಪುಟ್ಟ ಕಾರು. ಮಾರುಕಟ್ಟೆ, ಗ್ರಂಥಾಲಯ, ಹಳೆಯ ಗೆಳತಿಯರ ಮನೆ, ಎಲ್ಲಿಗೂ ಯಾರನ್ನೂ ಕೇಳದೆ ಹೊರಟುಬಿಡುತ್ತಿದ್ದರು. ಈಚೆಗೆ ಮಾತ್ರ ಸಂಜೆಯಾದರೆ ಪಕ್ಕದ ಮನೆಯವರ ಹೂಕುಂಡಗಳು ಒಂದೊಂದಾಗಿ ವೀರಮರಣ ಹೊಂದತೊಡಗಿದ್ದವು. ಕೊನೆಗೊಂದು ದಿನ ಕಾರು ಗ್ರಂಥಾಲಯದ ಗೇಟಿನ ಎರಡು ಕಂಬಗಳ ನಡುವೆ ಬಾಟಲಿಯ ಬಿರಡೆಯ ಹಾಗೆ ಸಿಕ್ಕಿಹಾಕಿಕೊಂಡಿತು. ಅತ್ತೆ ಕೆಳಗಿಳಿದು, "ಈ ಕಂಬನ ಯಾವಾಗ ಇಷ್ಟು ಹತ್ರ ತಂದ್ರಿ?" ಎಂದು ಗೇಟಿನವನನ್ನೇ ಗದರಿಸಿದರು.

ಆಕೆಗೆ "ಇನ್ನು ಕಾರು ಓಡಿಸಬೇಡಿ" ಎಂದು ಹೇಳುವ ಗಂಡೆದೆ ಯಾರಿಗಿದೆ? ಮಗಳಿಗಿಲ್ಲ, ಮಗನಿಗಿಲ್ಲ, ಅಳಿಯನಿಗಂತೂ ಕೇಳಲೇಬೇಡಿ. ಹಾಗಾಗಿ ಕಾರು ರಿಪೇರಿಗೆ ಹೋಯಿತು, ರಿಪೇರಿಯೂ ಆಯಿತು, ವಾಪಸ್ಸು ಮಾತ್ರ ಬರಲಿಲ್ಲ! ಒಂದು ವಾರ "ಪಾರ್ಟ್ ಬಂದಿಲ್ಲ", ಇನ್ನೊಂದು ವಾರ "ಬಂದದ್ದು ಬೇರೆ ಪಾರ್ಟ್". ಈ ಸುಳ್ಳುಗಳನ್ನು ತಯಾರಿಸಿ ವಿತರಿಸಲು ಡಾಕ್ಟರು ಆ ಹೊಸ ಆ್ಯಪಿನಲ್ಲಿ 'ಗ್ಯಾರೇಜ್' ಎಂಬ ಗುಂಪು ಕಟ್ಟಿದರು. ಅದರಲ್ಲಿ ಅವರು, ಹೆಂಡತಿ, ಬಾಮೈದ ಮತ್ತು ಮೆಕ್ಯಾನಿಕ್, ಇಷ್ಟೇ ಜನ.

ಒಂದೇ ತೊಂದರೆ. ದಿನವಿಡೀ ಕೈಗೆ ಗ್ಲೌಸು, ಗ್ಲೌಸು ಇನ್ನೊಬ್ಬರ ಬಾಯೊಳಗೆ. ಮೆಸೇಜು ಟಿಣ್ ಎಂದಾಗಲೆಲ್ಲ ಆ ಬಹುಮಾನ್ಯ ಹೆಬ್ಬೆರಳನ್ನು ಗ್ಲೌಸಿನಿಂದ ಬಿಡಿಸಿ ಒತ್ತುವುದು ಹೇಗೆ? ಡಾಕ್ಟರು ಹೇಳಿದ್ದನ್ನು ಕೇಳುವ, ಕೇಳಿದ್ದನ್ನು ಹೇಳುವ ಒಂದು ಮಾತಿನ ಡಬ್ಬಿಯನ್ನು ತಂದು ಕ್ಲಿನಿಕ್ಕಿನ ಕಪಾಟಿನಲ್ಲಿ, ಪ್ಲಾಸ್ಟರಿನ ದವಡೆಗಳ ಸಾಲಿನಲ್ಲಿ ಕೂರಿಸಿದರು. ಅದರ ಹೆಸರು ಜಾಣೆ. "ನಿಮ್ಮ ಸಂದೇಶಗಳನ್ನು ನಾನು ಓದಬಹುದೇ? ನಿಮ್ಮ ಪರವಾಗಿ ಉತ್ತರಿಸಬಹುದೇ?" ಎಂದು ಅದು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿತು. ಡಾಕ್ಟರು ಒಂದನ್ನೂ ಪೂರ್ತಿ ಕೇಳಿಸಿಕೊಳ್ಳದೆ ಮದುವೆಯ ಸಹಿ ಹಾಕುವವರ ಉತ್ಸಾಹದಲ್ಲಿ ಎಲ್ಲಕ್ಕೂ "ಒಪ್ಪಿದೆ" ಎಂದರು.

ಹೆಂಡತಿ ಒಮ್ಮೆ ಬಂದು ನೋಡಿದರು. "ಅಲ್ಲಾ ರೀ, ಅಷ್ಟು ದೊಡ್ಡ ಬೀಗ ಹಾಕಿದ್ರಿ. ಈಗ ಕಿಟಕಿ ತೆಗ್ದು ಕೂಗ್ತಾ ಇದ್ದೀರಲ್ಲ?"

"ನಿನಗೆ ಟೆಕ್ನಾಲಜಿ ಅರ್ಥ ಆಗಲ್ಲ, ಬಿಡು."

ಆಕೆ ಬಿಟ್ಟರು.

ಅತ್ತೆಗೆ ದವಡೆ ಹಲ್ಲು ನೋವು ಬಂದದ್ದು ಆಗ. ಕಾರಿಲ್ಲ, ಎರಡು ಬಸ್ಸು ಬದಲಿಸಿ, ಕೆನ್ನೆಗೆ ಕರ್ಚೀಫು ಒತ್ತಿಕೊಂಡು ಬಂದಿಳಿದರು. "ಡಾಕ್ಟ್ರೇ," ಎಂದರು ಕುರ್ಚಿಯ ಮೇಲೆ ಒರಗುತ್ತಾ. ಹಲ್ಲು ಕೀಳುವವರನ್ನು ಆಕೆ ಡಾಕ್ಟರೆಂದು ಕರೆಯುವುದೇ ಒಂದು ಔದಾರ್ಯ. "ಬೇಗ ಕಿತ್ತು ಕಳ್ಸಿ. ಗ್ಯಾರೇಜಿಗೆ ಹೋಗ್ಬೇಕು. ನನ್ನ ಕಾರು ಅಲ್ಲಿ ಒಂಟಿಯಾಗಿ ನಿಂತಿದೆ."

ಡಾಕ್ಟರ ಮುಖದ ಮೇಲೆ ಮಾಸ್ಕ್ ಇತ್ತಲ್ಲ, ಬದುಕಿಕೊಂಡರು. ಇಂಜೆಕ್ಷನ್ ಕೊಟ್ಟರು, ತುಟಿ ಮರಗಟ್ಟಿತು. ನರ್ಸು ಎಂಜಲು ಹೀರುವ ಕೊಳವೆ ಹಿಡಿದಳು. ಡಾಕ್ಟರು ಇಕ್ಕಳವನ್ನು ಹಲ್ಲಿಗೆ ಸರಿಯಾಗಿ ಕಚ್ಚಿಸಿ ಅಲುಗಿಸತೊಡಗಿದರು. ಹಲ್ಲು ಅರ್ಧ ಸಡಿಲವಾಗಿತ್ತು. ಆಗ ಕಪಾಟಿನಿಂದ ಜೇನಿನಂಥ ದನಿ ಬಂತು.

"ತಮಗೆ 'ಗ್ಯಾರೇಜ್' ಗುಂಪಿನಿಂದ ಮೂರು ಹೊಸ ಸಂದೇಶಗಳು. ಮೆಕ್ಯಾನಿಕ್ ಹೇಳುತ್ತಾರೆ: ಸಾರ್, ಅಮ್ಮಾವ್ರ ಕಾರು ರೆಡಿಯಾಗಿ ತಿಂಗಳಾಯ್ತು. ದಿನಾ ಬಂದು ಬಾನೆಟ್ ಸವರಿ ಹೋಗ್ತಾರೆ. ಇನ್ನೆಷ್ಟು ಸುಳ್ಳು ಹೇಳ್ಲಿ, ನಂಗೆ ಊಟ ಸೇರ್ತಿಲ್ಲ."

ಅತ್ತೆಯ ಕಣ್ಣುಗಳು ನಿಧಾನವಾಗಿ ಅಳಿಯನ ಕಡೆ ತಿರುಗಿದವು.

ಡಾಕ್ಟರು ಇಕ್ಕಳ ಬಿಟ್ಟು ಓಡುವ ಹಾಗಿಲ್ಲ, ಹಲ್ಲು ಮುರಿದೀತು. "ಜಾಣೆ, ಸುಮ್ನಿರು!"

"ಪೂರ್ತಿ ಓದಿದ ನಂತರ ಸುಮ್ಮನಿರುತ್ತೇನೆ. ತಮ್ಮ ಬಾಮೈದ ಹೇಳುತ್ತಾರೆ: ಪೆಟ್ರೋಲ್ ಟ್ಯಾಂಕಲ್ಲಿ ಇಲಿ ಸತ್ತಿದೆ ಅನ್ರಿ. ಅಥವಾ ಭಾವ ಬೆಳಿಗ್ಗೆ ಹೇಳಿದ್ದೇ ಸರಿ: ಸದ್ದಿಲ್ಲದೆ ಕಾರು ಮಾರಿಬಿಟ್ಟು, ಅಮ್ಮನಿಗೆ ಕಳ್ತನ ಆಯ್ತು ಅನ್ನೋಣ."

"ನರ್ಸಮ್ಮಾ, ವೈರು! ವೈರು ಕೀಳು!"

ನರ್ಸು ವೈರು ಕಿತ್ತಳು. ಜಾಣೆಗೆ ಬ್ಯಾಟರಿಯೂ ಇತ್ತು!

"ತಮ್ಮ ಪತ್ನಿ ಹೇಳುತ್ತಾರೆ: ಮಾರೋದಾದ್ರೆ ಇವತ್ತೇ ಮಾರಿ. ಅಮ್ಮ ಗೇಟಿಗೆ ಗುದ್ದಿದ ದಿನದಿಂದ ನಂಗೆ ಎದೆ ನಡುಗ್ತಿದೆ. ಆದ್ರೆ ಅವ್ರ ಮುಖ ನೋಡಿ ಹೇಳೋಕೆ ನನ್ನ ಕೈಲಾಗಲ್ಲ. ಉತ್ತರ ಕಳುಹಿಸಬೇಕೇ?"

ಆ ಕ್ಷಣಕ್ಕೇ ಹಲ್ಲು ಕಿತ್ತುಬಂತು. ಡಾಕ್ಟರ ಇಪ್ಪತ್ತು ವರ್ಷದ ವೃತ್ತಿಯಲ್ಲಿ ಇಷ್ಟು ಸುಲಭವಾಗಿ ಯಾವ ಹಲ್ಲೂ ಬಂದಿರಲಿಲ್ಲ. ಅವರ ಕೈ ನಡುಗಿದ್ದೇ ಸಾಕಾಯಿತೇನೋ! ನರ್ಸು ಹತ್ತಿಯುಂಡೆ ಇಟ್ಟು, ನಗು ತಡೆಯಲಾಗದೆ ಕೆಮ್ಮುತ್ತಾ ಹೊರಗೆ ಹೋದಳು.

"ಅತ್ತೇ, ಅದು... ಅದು ಬೇರೆ ಯಾರದೋ ಕಾರು."

ಅತ್ತೆ ಒಂದು ಬೆರಳೆತ್ತಿದರು. ಒಂದು ಕಾಲದಲ್ಲಿ ಇಡೀ ವಾರ್ಡನ್ನು ಮಲಗಿಸುತ್ತಿದ್ದ ಬೆರಳು. ಡಾಕ್ಟರು ಬಾಯಿ ಮುಚ್ಚಿದರು. ಆಕೆ ಎದ್ದು ಕೂತು, ಹತ್ತಿಯುಂಡೆಯನ್ನು ಕೆನ್ನೆಯ ಮೂಲೆಗೆ ಸರಿಸಿ, ಕಪಾಟಿನ ಕಡೆ ನೋಡಿದರು.

"ಏ ಹುಡ್ಗೀ. ನಾನು ಹೇಳಿದ್ದೂ ಕಳಿಸ್ತೀಯಾ?"

"ಖಂಡಿತ. ಹೇಳಿ."

"ಜಾಣೆ, ಬೇಡ! ಅವ್ರು ನಾನಲ್ಲ!"

ಮರಗಟ್ಟಿದ ತುಟಿಯಿಂದಲೂ ಅತ್ತೆಯ ಒಂದೊಂದು ಮಾತೂ ಅಚ್ಚು ಹೊಡೆದಂತೆ ಬಂತು. "ಕಾರು ಮಾರ್ಬೇಡಿ. ಸಂಜೆ ಕ್ಲಿನಿಕ್ ಮುಂದೆ ತಂದು ನಿಲ್ಸಿ. ಇನ್ಮೇಲೆ ಅತ್ತೆ ಎಲ್ಲಿಗೆ ಹೋಗ್ಬೇಕು ಅಂದ್ರೂ, ಯಾವಾಗ ಹೋಗ್ಬೇಕು ಅಂದ್ರೂ ನಾನೇ ಓಡಿಸ್ಕೊಂಡು ಹೋಗ್ತೀನಿ. ಇದು ನನ್ನ ಮಾತು."

"ತಮ್ಮ ಹೆಸರಿನಲ್ಲಿ ಕಳುಹಿಸಿದೆ," ಎಂದಿತು ಜಾಣೆ ಡಾಕ್ಟರಿಗೆ.

ಅರೆಗಳಿಗೆಯಲ್ಲಿ ಉತ್ತರಗಳು ಸುರಿದವು, ಜಾಣೆ ಒಂದೂ ಬಿಡದೆ ಓದಿತು. ಬಾಮೈದ: ಭಾವಾ, ನೀವು ಮನುಷ್ಯರಲ್ಲ, ದೇವ್ರು! ಮೆಕ್ಯಾನಿಕ್: ಸಾರ್, ಈಗ್ಲೇ ತೊಳ್ದು ತರ್ತೀನಿ, ಇವತ್ತು ಹೊಟ್ಟೆ ತುಂಬ ಉಣ್ತೀನಿ. ಹೆಂಡತಿ: ರೀ, ನಿಜವಾಗ್ಲೂನಾ? ನಂಗೆ ಅಳು ಬರ್ತಿದೆ. ನಿಮ್ಮನ್ನ ಏನೇನೋ ಅಂದ್ಕೊಂಡಿದ್ದೆ, ತಪ್ಪಾಯ್ತು.

"ಇದು ಅನ್ಯಾಯ! ಅದು ನನ್ನ ಮಾತಲ್ಲ ಅಂತ ಈಗ್ಲೇ ಹೇಳ್ತೀನಿ!" ಎಂದು ಡಾಕ್ಟರು ಗ್ಲೌಸು ಕಿತ್ತರು.

"ಹೇಳಿ," ಎಂದರು ಅತ್ತೆ. "ಹಾಗೇ, ಅದು ಯಾರ ಮಾತು, ನಿಮ್ಮ ಗುಟ್ಟು ನನ್ನ ಕಿವಿಗೆ ಹೇಗೆ ಬಿತ್ತು ಅನ್ನೋದನ್ನೂ ಹೇಳಿ. ನಾನು ಕಾಯ್ತೀನಿ."

ಡಾಕ್ಟರು ಫೋನನ್ನು ಕೈಗೆತ್ತಿಕೊಂಡರು. ಹೆಬ್ಬೆರಳನ್ನು ಅದರ ಮೇಲೆ ಹಿಡಿದರು. ಹೆಂಡತಿಯ ಮುಖ ಕಣ್ಣ ಮುಂದೆ ಬಂತು. 'ಕಿಟಕಿ ತೆಗ್ದು ಕೂಗ್ತಾ ಇದ್ದೀರಲ್ಲ' ಎಂದ ಆ ಮುಖ. ಫೋನನ್ನು ಮೆಲ್ಲಗೆ ಜೇಬಿಗಿಳಿಸಿದರು.

ಸಂಜೆ ಹಸಿರು ಕಾರು ತೊಳೆಸಿಕೊಂಡು ಬಂದು ನಿಂತಿತು. ಡಾಕ್ಟರು ಸ್ಟೀರಿಂಗಿನ ಹಿಂದೆ ಹೊಟ್ಟೆ ತುರುಕಿಕೊಂಡು ಕೂತರು. ಅತ್ತೆ ಪಕ್ಕದಲ್ಲಿ ಕೂತು, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಡ್ಯಾಶ್‌ಬೋರ್ಡಿನ ಧೂಳನ್ನು ಸೆರಗಿನಿಂದ ಒರೆಸಿದರು. ರಸ್ತೆಯ ದೀಪಗಳು ಹತ್ತಿಕೊಂಡವು. ಕಾರು ಕುಲುಕುತ್ತಾ ಹೊರಟಿತು. ಅತ್ತೆ ಗದರಿದ್ದರೆ ಡಾಕ್ಟರಿಗೆ ಎಷ್ಟೋ ಹಾಯೆನಿಸುತ್ತಿತ್ತು.

"ನಂಗೂ ಗೊತ್ತಿತ್ತು, ಡಾಕ್ಟ್ರೇ," ಎಂದರು ಅತ್ತೆ ಕೊನೆಗೆ. "ಸಂಜೆ ಆದ್ರೆ ಕಣ್ಣು ಮಬ್ಬಾಗುತ್ತೆ. ಆ ಕಂಬ ನಂಗೆ ಕಾಣ್ಲೇ ಇಲ್ಲ. ಯಾರಾದ್ರೂ ಬಂದು, 'ಅಮ್ಮಾ, ಸಾಕು, ಕೀ ಕೊಡಿ' ಅಂತಾರೇನೋ ಅಂತ ತಿಂಗಳಿಂದ ಕಾಯ್ತಿದ್ದೆ. ಒಬ್ಬರಾದ್ರೂ ಕೇಳಿದ್ರೆ ಕೊಟ್ಟುಬಿಡ್ತಿದ್ದೆ."

"ಅತ್ತೇ, ನಾವೆಲ್ಲ ನಿಮ್ಮ ಒಳ್ಳೇದಕ್ಕೇ..."

"ಮಗಳು, ಮಗ, ಅಳಿಯ, ಮೆಕ್ಯಾನಿಕ್ಕು, ಇಷ್ಟು ಜನ ಇದ್ರಿ. ನನ್ನ ಎದುರಿಗೇ ನಿಜ ಹೇಳೋ ಧೈರ್ಯ ಇದ್ದಿದ್ದು ಆ ಡಬ್ಬಿ ಒಂದಕ್ಕೇ."

ಡಾಕ್ಟರು ತಲೆ ತಗ್ಗಿಸಿದರು.

"ತಲೆ ಎತ್ತಿ! ರಸ್ತೆ ಮುಂದಿದೆ ಕಣ್ರೀ, ನಿಮ್ಮ ತೊಡೆ ಮೇಲಲ್ಲ! ಎಡಕ್ಕೆ ತಿರುಗ್ಬೇಕು, ಇಂಡಿಕೇಟರ್ ಹಾಕಿ."

ಡಾಕ್ಟರು ಗಾಬರಿಯಿಂದ ಕೈಗೆ ಸಿಕ್ಕಿದ್ದನ್ನು ಎಳೆದರು. ಮೋಡದ ಸುಳಿವೇ ಇಲ್ಲದ ಆ ಸಂಜೆಯಲ್ಲಿ ವೈಪರ್ ಎರಡೂ ಕೀರ್ ಕೀರ್ ಎಂದು ಒಣಗಾಜು ಒರೆಸತೊಡಗಿದವು.

"ನಿಲ್ಸಿ, ಪಕ್ಕಕ್ಕೆ ನಿಲ್ಸಿ," ಎಂದರು ಅತ್ತೆ. "ನಿಮಗೂ ಒಂದು ಮಾತು ಮುಖಕ್ಕೇ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮಗೆ ಬೆಳಕಿದ್ದಾಗ್ಲೂ ಕಾರು ಓಡ್ಸೋಕೆ ಬರಲ್ಲ."