ಬೀಸ್ಟನ್ ಅಂದರೆ ಹುಲ್ಲೂರು

ಹೆಸರಿನ ಅರ್ಥ ಕೆದಕಿದಾಗಲೆಲ್ಲ ನನಗೆ ಏನಾದರೊಂದು ಆಗುತ್ತಲೇ ಇರುತ್ತದೆ. ಆದರೂ ಕೆದಕುತ್ತೇನೆ.

೧. ಜೇನು

ನಾವಿರುವುದು ನಾಟಿಂಗ್‌ಹ್ಯಾಮ್ ಪಕ್ಕದ ಬೀಸ್ಟನ್. ಬೀ ಅಂದರೆ ಜೇನು, ಇದು ಜೇನಿನ ಊರು ಎಂದು ಬಂದವರಿಗೆಲ್ಲ ಹೇಳಿದ್ದೆ. ಪಕ್ಕದ ಮನೆಯ ನಿವೃತ್ತ ಲೈಬ್ರರಿಯನ್ ಒಂದು ದಿನ ಬೇಲಿಯಾಚೆಯಿಂದ ತಿದ್ದಿದ. ಹಳೇ ಇಂಗ್ಲಿಷಿನಲ್ಲಿ ಬೀಸ್ ಅಂದರೆ ಒರಟು ಹುಲ್ಲಂತೆ. ಟನ್ ಅಂದರೆ ಊರು. ನನ್ನ ಅಡ್ಡಹೆಸರಿನ ಅರ್ಥವನ್ನೂ ಕೇಳಿದ. ನಾನು ಹುಲ್ಲೂರ. ಗದಗಿನ ಕಡೆ ಊರ ಹೆಸರೇ ಅಡ್ಡಹೆಸರು. ಹೇಳಿದೆ.

ಬೇಲಿ ಹಿಡಿದುಕೊಂಡು ನಕ್ಕ. "ಹಾಗಾದರೆ ನೀನು ಊರು ಬಿಟ್ಟೇ ಇಲ್ಲ."

೨. ಮನೆತನ

ಮಗಳು ಬರ್ಮಿಂಗ್‌ಹ್ಯಾಮಿನಲ್ಲಿ ಡಾಕ್ಟರ್. ಜೊತೆಗೆ ಕೆಲಸ ಮಾಡುವ ಇಂಗ್ಲಿಷ್ ಹುಡುಗನನ್ನು ಮದುವೆಯಾಗುತ್ತೇನೆ ಎಂದಳು. ಅವ್ವ ಒಪ್ಪದಿದ್ದರೆ ಮದುವೆಯೇ ಬೇಡ ಎಂದೂ ಹೇಳಿದಳು. ಅವ್ವ, ಅಂದರೆ ನನ್ನ ಹೆಂಡತಿ, ಮೂರು ದಿನ ಮಾತಾಡಲಿಲ್ಲ. ಮನೆಯಲ್ಲಿ ಬಾಯಿಬಿಡುತ್ತಿದ್ದದ್ದು ಕುಕ್ಕರ್ ಒಂದೇ.

ಹುಡುಗನ ಅಡ್ಡಹೆಸರು ಬೀಸ್ಟನ್. ಅನುಕೂಲವಾಗಲಿ ಎಂದು ಹೆಂಡತಿಗೆ ಅರ್ಥ ಹೇಳಿದೆ. ಅವರೂ ಹುಲ್ಲೂರರೇ, ಹೊರಗಿನವರಲ್ಲ ಎಂದೆ. ರೊಟ್ಟಿ ತಟ್ಟುವ ಕೈ ನಿಂತಿತು. ಮುಖ ಸಡಿಲಾಯಿತು. ಮತ್ತೆ ಬಿಗಿಯಿತು.

"ಅಂದ್ರ ನಮ್ಮ ಮನೆತನದವ್ರ ಆದ್ರು. ಅಣ್ಣ-ತಂಗಿಗೆ ಲಗ್ನಾ ಮಾಡ್ತೀರೇನ್ರಿ?"

ಮಗಳು ಫೋನಿನಲ್ಲಿ ಎಲ್ಲ ಕೇಳಿಕೊಂಡು ಒಂದೇ ಮಾತು ಹೇಳಿದಳು. "ಅಪ್ಪಾ, ಪ್ಲೀಸ್ ಸ್ಟಾಪ್ ಹೆಲ್ಪಿಂಗ್."

೩. ತಾಲೂಕು

ಭಾನುವಾರ ಇಬ್ಬರೂ ಬಂದರು. ನಾನು ಬಾಯಿ ತೆರೆಯಬಾರದೆಂದು ಮೊದಲೇ ತಾಕೀತಾಗಿತ್ತು. ಹುಡುಗ ಚಹಾ ಮುಟ್ಟಲಿಲ್ಲ. ಹೆಂಡತಿ ನೇರವಾಗಿ ಕೇಳಿದಳು: ಅಜ್ಜ, ಮುತ್ತಜ್ಜ ಇದೇ ಬೀಸ್ಟನ್‌ನವರೇನು?

ಹೌದು ಅಂದರೆ ಕೆಟ್ಟಿತೋ, ಅಲ್ಲ ಅಂದರೆ ಕೆಟ್ಟಿತೋ ಅವನಿಗೆ ಗೊತ್ತಾಗಲಿಲ್ಲ. ಮಗಳನ್ನು ನೋಡಿದ. ಅವಳು ನೆಲ ನೋಡುತ್ತಿದ್ದಳು. ಕೊನೆಗೆ ಇದ್ದದ್ದು ಹೇಳಿದ. ಲೀಡ್ಸ್‌ನಲ್ಲೂ ಒಂದು ಬೀಸ್ಟನ್ ಇದೆ, ತಲೆತಲಾಂತರದಿಂದ ತಾವು ಅಲ್ಲಿಯವರು.

ಹೆಂಡತಿ ಎದ್ದು ಒಳಗೆ ಹೋದಳು. ಮಗಳು ಕಪ್ಪು-ಬಸಿ ಎತ್ತಿಡತೊಡಗಿದಳು. ಹೆಂಡತಿ ಸಕ್ಕರೆ ಡಬ್ಬಿಯೊಂದಿಗೆ ಬಂದು, ಹುಡುಗನ ಬಾಯಿಗೆ ಒಂದು ಚಮಚೆ ತುಂಬಿದಳು.

"ಬ್ಯಾರೆ ತಾಲೂಕು. ಅಡ್ಡಿ ಇಲ್ಲ."

ಹುಡುಗ ಸಕ್ಕರೆ ನುಂಗಿ, ತಾಲೂಕು ಅಂದರೇನು ಎಂದು ನನ್ನನ್ನು ಕೇಳಿದ.

"ಪೋಸ್ಟ್‌ಕೋಡ್," ಅಂದೆ.